ಸಾಲ ಮಾಡಿ ಮಿತ್ರನನ್ನೇ ಕೊಲ್ಲಬೇಕೆ?



ಪರಂಗಿ ಎಲೆಯ ಕೆಳಗೆ ಬಿಳಿ ಹಿಟ್ಟು ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುತ್ತೀರಿ. ಕೈಯಲ್ಲಿ ಕಾಸಿಲ್ಲದಿದ್ದರೆ ಖಾತೆಗೆ ಬರೆಸುತ್ತೀರಿ. ಆ ಹಿಟ್ಟು ತಿಗಣೆ ನಮ್ಮ ನೆಲದ್ದಲ್ಲ, ಮೆಕ್ಸಿಕೋ ಕಡೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಇತ್ತ ಬಂತು. ಮೈತುಂಬ ಮೇಣ ಹೊದ್ದಿರೋ ಅದಕ್ಕೆ ನೀವು ಹೊಡೆದ ವಿಷ ಸರಿಯಾಗಿ ತಾಗೋದೂ ಇಲ್ಲ.

2010ರಲ್ಲಿ ಬೆಂಗಳೂರಿನ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ‘ಅಸೆರೋಫೇಗಸ್ ಪಪಾಯೆ’ ಎಂಬ ಕಣಜ ತರಿಸಿ ತೋಟಗಳಿಗೆ ಬಿಡಿಸಿತು. ಕಣಜ ಅಂದರೆ ಹೆದರಬೇಡಿ, ಇದು ಒಂದು ಮಿಲಿಮೀಟರ್ ಕೂಡ ಇಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತೆ. ಮರಿ ಒಳಗಿಂದಲೇ ತಿಂದು, ತೂತು ಕೊರೆದು ಹೊರಬರುತ್ತೆ. ಒಮ್ಮೆ ನೆಲೆಸಿದರೆ ತಾನೇ ಹೆಚ್ಚುತ್ತೆ. ಡಬ್ಬಿಗೆ ತುಂಬಿ ವರ್ಷಾವರ್ಷ ಮಾರೋಕಾಗಲ್ಲ ನೋಡಿ, ಅದಕ್ಕೇ ಅಂಗಡಿಯವನು ಇದರ ಸುದ್ದಿ ಎತ್ತಲ್ಲ!

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರೇಷ್ಮೆ ರೈತರಿಗಂತೂ ಇದು ಹೊಟ್ಟೆಪಾಡಿನ ಮಾತು. ಇದೇ ತಿಗಣೆ ಹಿಪ್ಪುನೇರಳೆಗೂ ಬೀಳುತ್ತೆ. ಸೊಪ್ಪಿಗೆ ವಿಷ ಹೊಡೆದು ಹುಳುವಿಗೆ ಹಾಕಿದರೆ ಹುಳುವೇ ಸಾಯುತ್ತೆ. ಆಮೇಲೆ ಗೂಡೆಲ್ಲಿ, ಸಾಲ ತೀರೋದೆಲ್ಲಿ? ಊಜಿ ನೊಣಕ್ಕೆ ನೆಸೋಲಿಂಕ್ಸ್ ಕಣಜ ಬಿಟ್ಟು ಗೊತ್ತಿರುವವರಿಗೆ ಈ ಉಪಾಯ ಹೊಸದೇನಲ್ಲ.

ಪಂಪು ಹೆಗಲಿಗೇರಿಸುವ ಮುಂಚೆ ಎಲೆ ತಿರುಗಿಸಿ ನೋಡಿ. ತಿಗಣೆಗಳು ಉಬ್ಬಿ ಗಟ್ಟಿಯಾಗಿ ತೂತು ಬಿದ್ದಿದ್ದರೆ ಕಣಜ ಕೆಲಸದಲ್ಲಿದೆ. ವಿಷ ಹೊಡೆದರೆ ಮೊದಲು ಸಾಯೋದು ಅದೇ. ಕಾಣದಿದ್ದರೆ ತೋಟಗಾರಿಕೆ ಇಲಾಖೆಗೆ, ರೇಷ್ಮೆ ಇಲಾಖೆಗೆ ನಾಲ್ಕಾರು ಜನ ಒಟ್ಟಾಗಿ ಹೋಗಿ, ಕಣಜ ತರಿಸಿಕೊಡಿ ಅನ್ನಿ. ಕೈಮುಗಿದು ಬೇಡಬೇಕಾಗಿಲ್ಲ, ಆ ಸಂಸ್ಥೆ ನಡೆಯೋದು ನಮ್ಮ ತೆರಿಗೆಯಲ್ಲೇ.