ಮಾದರಿ ಕಾರಿಗೊಂದು ಮೇಜು ಕೊಡಿ

ನಮ್ಮ ಕಾಲೇಜಿನಲ್ಲಿ 'ಮಾಡೆಲ್' ಎಂದ ಕೂಡಲೇ ನೆನಪಾಗುವುದು ವಿಜ್ಞಾನ ಪ್ರದರ್ಶನದ ಥರ್ಮಕೋಲ್ ಜ್ವಾಲಾಮುಖಿ. ಅದರ ಪಕ್ಕದಲ್ಲಿ ಹಿಂದಿನ ಸಂಜೆ ಪೇಟೆಯಿಂದ ತಂದ ಸಿದ್ಧ ಗಾಳಿಯಂತ್ರ, ಸಿರಿಂಜಿನಿಂದ ಕೈ ಎತ್ತುವ ಜೆಸಿಬಿ, ಹಸಿರು ಸ್ಪಂಜಿನ ಮರಗಳು. ಇವಕ್ಕೆ ಬಹುಮಾನವೂ ಬರುತ್ತದೆ, ಗ್ರೂಪ್ ಫೋಟೋವೂ ಆಗುತ್ತದೆ. ಇದೇ ಕಾಲೇಜಿನಲ್ಲಿ ನಿಜವಾಗಿ ಮಾಡೆಲ್ ಮಾಡುವ ಕೆಲವರಿದ್ದಾರೆ. ಅಳತೆ ತೆಗೆದು, ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು ಗೇಣುದ್ದದ ಕಾರು, ಮೊಳದುದ್ದದ ಬಸ್ಸು ಕಟ್ಟುವವರು. ಅವರು ಅದನ್ನು ಕಾಲೇಜಿಗೆ ತರುವುದಿಲ್ಲ. ಮನೆಯಲ್ಲೂ ಕಪಾಟಿನ ಮೇಲೆ ಶೂ ಪೆಟ್ಟಿಗೆಯೊಳಗೆ ಇಡುತ್ತಾರೆ. "ಇಷ್ಟು ದೊಡ್ಡವನಾದ ಮೇಲೂ ಆಟಿಕೆಯಾ?" ಎಂಬ ಮಾತಿಗೆ ಹೆದರಿ. ನಾನೂ ಆ ಗುಂಪಿನವಳೇ. ನನಗೆ ಕೇಳಿಬರುವ ಮಾತು ಸ್ವಲ್ಪ ಬೇರೆ: "ಹುಡುಗಿಗೆ ಯಾಕೆ ಕಾರು?"

ಈ ಹವ್ಯಾಸಕ್ಕೆ ಕಾಲೇಜಿನಲ್ಲಿ ಒಂದು ಮೇಜು, ವಾರಕ್ಕೆ ಎರಡು ಗಂಟೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಮನರಂಜನೆಗೆಂದು ಕೇಳುತ್ತಿಲ್ಲ. ನಾವು ಪುಸ್ತಕದಲ್ಲಿ ಓದಿ ಮರೆಯುವ ಎಷ್ಟೋ ವಿಷಯಗಳು ಇಲ್ಲಿ ಕೈಗೆ ಸಿಗುತ್ತವೆ ಎಂದು ಕೇಳುತ್ತಿದ್ದೇನೆ.

ಒಂದು ಮಾರುತಿ 800 ತೆಗೆದುಕೊಳ್ಳಿ. 1983ರ ಡಿಸೆಂಬರ್‌ನಲ್ಲಿ ಮೊದಲ ಗ್ರಾಹಕರ ಕೈ ಸೇರಿ, 2014ರಲ್ಲಿ ತಯಾರಿಕೆ ನಿಂತ ಕಾರು. ನಮ್ಮಲ್ಲಿ ಹಲವರ ಮನೆಗೆ ಬಂದ ಮೊದಲ ಕಾರೂ ಅದೇ. ನಾವು ಹೆಚ್ಚಾಗಿ ಕಂಡಿರುವ ರೂಪದ ಉದ್ದ 3335 ಮಿಲಿಮೀಟರ್, ಅಗಲ 1440, ಎತ್ತರ 1405. ಮಾದರಿ ಕಟ್ಟುವವರು ಮೊದಲು ನಿರ್ಧರಿಸಬೇಕಾದದ್ದು ಪ್ರಮಾಣ. ಬೆಂಕಿಪೊಟ್ಟಣದಷ್ಟಿರುವ ಲೋಹದ ಕಾರುಗಳು ಸುಮಾರು 1:64, ಸಂಗ್ರಹಕಾರರ ಮೆಚ್ಚಿನ ಚಿಕ್ಕ ಕಾರುಗಳು 1:43, ಕೈಯಲ್ಲಿ ಕಟ್ಟಲು ಅನುಕೂಲವಾದದ್ದು 1:24, ಗಾಜಿನ ಕಪಾಟಿನಲ್ಲಿ ಬಾಗಿಲು ತೆರೆದು ನಿಲ್ಲುವ ದೊಡ್ಡವು 1:18. ನಾವು 1:24 ಹಿಡಿದರೆ ಮಾರುತಿಯ ಉದ್ದ 139 ಮಿ.ಮೀ., ಅಗಲ ಸರಿಯಾಗಿ 60 ಮಿ.ಮೀ. ಟೈರಿನ ಮೇಲೆ 145/70 R12 ಎಂದು ಬರೆದಿರುತ್ತದಲ್ಲ, ಅದರಿಂದ ಚಕ್ರದ ಗಾತ್ರವೂ ಸಿಗುತ್ತದೆ. 12 ಇಂಚಿನ ರಿಮ್ ಎಂದರೆ 304.8 ಮಿ.ಮೀ. ಟೈರಿನ ಅಗಲ 145, ಅದರ ನೂರಕ್ಕೆ ಎಪ್ಪತ್ತು ಭಾಗ ಅಂದರೆ 101.5 ಮಿ.ಮೀ. ರಬ್ಬರಿನ ಎತ್ತರ, ಮೇಲೊಂದು ಕೆಳಗೊಂದು. ಒಟ್ಟು 507.8. ಇಪ್ಪತ್ತನಾಲ್ಕರಿಂದ ಭಾಗಿಸಿದರೆ 21 ಮಿ.ಮೀ.ಗೆ ಸ್ವಲ್ಪ ಹೆಚ್ಚು. ಇದನ್ನು ಅಳೆಯಲು ಬೇಕಾದದ್ದು ನಮ್ಮ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್. ಪ್ರಥಮ ಪಿಯುನಲ್ಲಿ ಅದರಿಂದ ಒಂದು ಗುಂಡನ್ನು ಅಳೆದು, ರೆಕಾರ್ಡ್ ಬರೆದು, ಸಹಿ ಹಾಕಿಸಿಕೊಂಡು, ಮತ್ತೆಂದೂ ಮುಟ್ಟದವರೇ ನಮ್ಮಲ್ಲಿ ಹೆಚ್ಚು.

ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತದೆ. ಆ ಕಾರಿನ ತೂಕ ಸುಮಾರು 650 ಕಿಲೋ. ಅದೇ ಕಬ್ಬಿಣ, ಅದೇ ಗಾಜು, ಅದೇ ರಬ್ಬರು ಹಾಕಿ 1:24ರಲ್ಲಿ ಎಲ್ಲವನ್ನೂ ಕುಗ್ಗಿಸಿದರೆ ಎಷ್ಟು ತೂಗಬಹುದು? ತರಗತಿಯಲ್ಲಿ ಕೇಳಿ ನೋಡಿ, 27 ಕಿಲೋ ಎನ್ನುವವರು ಸಿಗುತ್ತಾರೆ. ಉತ್ತರ 47 ಗ್ರಾಂ. ಉದ್ದ 24ರಲ್ಲಿ ಒಂದಾದರೆ ಗಾತ್ರ 13,824ರಲ್ಲಿ ಒಂದಾಗುತ್ತದೆ. ಗೆಲಿಲಿಯೋ ಹೇಳಿದ ಈ ವಿಚಾರವನ್ನು ಕೈಯಲ್ಲೊಂದು ಕಾರು ಹಿಡಿದು ತಿಳಿದವರು ಮರೆಯುವುದಿಲ್ಲ.

ಬಣ್ಣದ ವಿಷಯ ಇದಕ್ಕಿಂತಲೂ ಸೊಗಸು. ನಿಜವಾದ ಕಾರಿನ ಮೇಲೆ ಪ್ರೈಮರ್, ಬಣ್ಣ, ವಾರ್ನಿಶ್ ಎಲ್ಲ ಸೇರಿ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಇರುತ್ತದೆ. ಮಾದರಿಗೂ ಅಷ್ಟೇ ದಪ್ಪ ಬಳಿದರೆ ಕಣ್ಣಿಗೆ ಎರಡೂವರೆ ಮಿಲಿಮೀಟರ್ ಬಣ್ಣ ಮೆತ್ತಿದಂತೆ ಕಾಣುತ್ತದೆ. ಬಾಗಿಲಿನ ಗೆರೆಗಳು ಮುಚ್ಚಿಹೋಗುತ್ತವೆ, ಕಾರು ಸೋಪಿನ ಬಿಲ್ಲೆಯಂತಾಗುತ್ತದೆ. ಅದಕ್ಕೇ ಮಂಜಿನಷ್ಟು ತೆಳುವಾಗಿ ಹಲವು ಪದರ ಹೊಡೆಯಬೇಕು, ನಡುನಡುವೆ ನೀರು ಹಾಕಿ ವಾಟರ್ ಪೇಪರಿನಲ್ಲಿ ಉಜ್ಜಬೇಕು. ನನಗೆ ಇದನ್ನು ಕಲಿಸಿದವರು ಶಾರ್ಜಾದ ಗ್ಯಾರೇಜೊಂದರಲ್ಲಿ ಪೇಂಟರ್ ಆಗಿರುವ ನನ್ನ ಮಾಮ, ಅದೂ ವಾಟ್ಸ್ಆ್ಯಪ್ ವೀಡಿಯೊದಲ್ಲಿ. "400ರಿಂದ ನೇರ 2000ಕ್ಕೆ ಹಾರಬೇಡ ಮೋಳೆ. ನಡುವೆ 800 ಬೇಕು, 1200 ಬೇಕು. ಬಣ್ಣ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ" ಎಂದಿದ್ದರು.

ಮಾಮನ ಮಾತು ಬಂದದ್ದರಿಂದ ನನ್ನ ಮುಖ್ಯ ತಕರಾರನ್ನು ಇಲ್ಲೇ ಹೇಳುತ್ತೇನೆ. ನಮ್ಮ ಸಮುದಾಯದ ಎಷ್ಟು ಮನೆಗಳು ಡೆಂಟಿಂಗ್, ಪೇಂಟಿಂಗ್, ವೆಲ್ಡಿಂಗ್, ಬಡಗಿ ಕೆಲಸದ ಸಂಬಳದಲ್ಲಿ ಎದ್ದಿವೆ ಎಂದು ನಮಗೆಲ್ಲ ಗೊತ್ತು. ಕಾಲೇಜಿನ ಶುಲ್ಕದ ರಸೀದಿಗಳ ಹಿಂದೆಯೂ ಆ ಕೈಗಳೇ ಇವೆ. ಆದರೆ ಮಗ ಒಂದು ಸನ್‌ಬೋರ್ಡ್ ತುಂಡು ಹಿಡಿದು ಕತ್ತರಿಸಲು ಕೂತರೆ ಅದೇ ಮನೆಯಲ್ಲಿ ಕೇಳುವ ಪ್ರಶ್ನೆ: "ಏನು, ಮೆಕ್ಯಾನಿಕ್ ಆಗ್ತೀಯಾ?" ಬೈಗುಳದಂತೆ ಕೇಳುತ್ತಾರೆ. ಕಷ್ಟಪಟ್ಟವರಿಗೆ ಮಕ್ಕಳು ಅದೇ ಕಷ್ಟಕ್ಕೆ ಬೀಳಬಾರದೆಂಬ ಆಸೆ ಇರುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಬಿಸಿಲಲ್ಲಿ ಹನ್ನೆರಡು ಗಂಟೆ ದುಡಿಯುವ ಕಷ್ಟ ಬೇರೆ, ಕೈಗೆ ಬಂದ ವಿದ್ಯೆ ಬೇರೆ. ಕಷ್ಟವನ್ನು ಬಿಡಿಸುವ ಭರದಲ್ಲಿ ವಿದ್ಯೆಯನ್ನೂ ಬಿಡಿಸುತ್ತಿದ್ದೇವೆ. ನಾಳೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟಿಗೆ ಲಕ್ಷಗಟ್ಟಲೆ ಕೊಡಲು ಸಿದ್ಧರಿರುವವರು ಇಂದು ಮೂವತ್ತು ರೂಪಾಯಿಯ ಕಟರ್‌ಗೆ ಗದರುವುದು ವಿಚಿತ್ರ.

ಬೇರೆ ಕಡೆ ಇದನ್ನು ಹೇಗೆ ನೋಡಿದರು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಫಿಷರ್ ಬಾಡಿ ವಿಭಾಗ 1930ರಿಂದ 1968ರವರೆಗೆ ಹದಿಹರೆಯದ ಹುಡುಗರಿಗಾಗಿ ಮಾದರಿ ಕಟ್ಟುವ ಸ್ಪರ್ಧೆ ನಡೆಸಿತು. ಮೊದಲು ನೆಪೋಲಿಯನ್ ಕಾಲದ ಕುದುರೆ ಸಾರೋಟಿನ ಮಾದರಿ, ಆಮೇಲೆ ತಾವೇ ಕಲ್ಪಿಸಿದ ಕಾರಿನ 1:12 ಮಾದರಿ. ಗೆದ್ದವರಿಗೆ ಕಾಲೇಜು ವ್ಯಾಸಂಗಕ್ಕೆ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಕಂಪನಿಯ ಇಡೀ ವಿನ್ಯಾಸ ವಿಭಾಗದ ಉಪಾಧ್ಯಕ್ಷನಾದ. ನಮ್ಮ ಪಿಯು ವಯಸ್ಸಿನ ಹುಡುಗರು ಕೆತ್ತಿದ ಕಾರುಗಳನ್ನು ಒಂದು ದೊಡ್ಡ ಕಂಪನಿ ಆಟಿಕೆ ಎಂದು ಬದಿಗೆ ತಳ್ಳಲಿಲ್ಲ, ಅವರಲ್ಲಿ ತನ್ನ ಮುಂದಿನ ವಿನ್ಯಾಸಕಾರರನ್ನು ಹುಡುಕಿತು. ಆ ಸ್ಪರ್ಧೆಯಲ್ಲಿ ಹುಡುಗಿಯರಿಗೆ ಪ್ರವೇಶ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಹೊಗಳಿಕೆ ಹೆಚ್ಚಾಗಬಾರದು.

ಹುಡುಗಿಗೆ ಯಾಕೆ ಕಾರು ಎನ್ನುವವರಿಗೆ ಹೇಳಲು ನನ್ನ ಬಳಿ ಇನ್ನೊಂದು ಕಥೆ ಇದೆ. ಲಂಡನ್ನಿನ ಲೆಸ್ನಿ ಎಂಬ ಕಂಪನಿಯ ಎಂಜಿನಿಯರ್ ಜ್ಯಾಕ್ ಓಡೆಲ್. ಅವನ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕ ಆಟಿಕೆಗೆ ಮಾತ್ರ ಅನುಮತಿ. ಅಪ್ಪ ಅಷ್ಟೇ ಗಾತ್ರದ ಒಂದು ರೋಡ್ ರೋಲರ್ ಮಾಡಿಕೊಟ್ಟ. ಅಲ್ಲಿಂದ 1953ರಲ್ಲಿ 'ಮ್ಯಾಚ್‌ಬಾಕ್ಸ್' ಕಾರುಗಳು ಹುಟ್ಟಿದವು. ಹದಿನೈದು ವರ್ಷದ ನಂತರ, 1968ರಲ್ಲಿ, ಅಮೆರಿಕದಲ್ಲಿ ಹದಿನಾರು ಕಾರುಗಳೊಂದಿಗೆ 'ಹಾಟ್ ವೀಲ್ಸ್' ಬಂತು. ಈ ಇಡೀ ಲೋಹದ ಕಾರುಗಳ ಲೋಕದಲ್ಲಿ ಒಂದು ಮುಖ್ಯ ಬೇರು ಒಬ್ಬ ಹುಡುಗಿಯ ಶಾಲಾ ಚೀಲದಲ್ಲಿದೆ.

ಖರ್ಚಿನ ಬಗ್ಗೆ ಕೇಳುವವರಿದ್ದಾರೆ. ಜಪಾನಿನ ತಮಿಯಾದಂಥ ಕಂಪನಿಗಳ ಕಿಟ್‌ಗಳು ನಮಗೆ ದುಬಾರಿಯೇ. (ಆ ಕಂಪನಿಯ ಶುನ್ಸಾಕು ತಮಿಯಾ 1970ರ ದಶಕದಲ್ಲಿ ಒಂದು ಮಾದರಿ ಸರಿಯಾಗಿ ಬರಲೆಂದು ನಿಜವಾದ ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿ ನೋಡಿದರಂತೆ. ಅಷ್ಟು ಹುಚ್ಚು ನಮಗೆ ಬೇಡ.) ಕಿಟ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಕೇರಳದಲ್ಲೂ ನಮ್ಮ ಕರಾವಳಿಯಲ್ಲೂ ಸನ್‌ಬೋರ್ಡಿನಲ್ಲಿ ಬಸ್ಸು, ಲಾರಿ ಕಟ್ಟುವ ಯುವಕರಿದ್ದಾರೆ. ಬ್ಯಾನರ್ ಅಂಗಡಿಯಲ್ಲಿ ಉಳಿದ ತುಂಡುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಹಳೆಯ ಕೊಡೆಯ ಕಡ್ಡಿ ಆಕ್ಸಲ್ ಆಗುತ್ತದೆ, ಖಾಲಿ ರೀಫಿಲ್ ಸೈಲೆನ್ಸರ್ ಆಗುತ್ತದೆ, ಆಟಿಕೆ ಪ್ಯಾಕೆಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಮುಂಗಾಜು, ಅವಧಿ ಮುಗಿದ ಎಟಿಎಂ ಕಾರ್ಡು ಬಂಪರ್. ಗಾಜಿನ ಹತ್ತಿರ ಮಾತ್ರ ಫೆವಿಕ್ವಿಕ್ ಬಳಸಬೇಡಿ, ಅದರ ಆವಿ ತಾಗಿ ಪ್ಲಾಸ್ಟಿಕ್ ಬೆಳ್ಳಗೆ ಮಂಜಾಗುತ್ತದೆ.

ಇನ್ನು ಕೆಲವರು ಕೊಂಡ ಲೋಹದ ಕಾರನ್ನೇ ಬದಲಾಯಿಸುತ್ತಾರೆ. ತಳದ ರಿವಿಟ್ ಕೊರೆದು ಬಿಚ್ಚುವುದು, ಹಳೆಯ ಬಣ್ಣ ಕಳಚುವುದು, ಬೇರೆ ಚಕ್ರ ಕೂಡಿಸುವುದು, ತಮ್ಮದೇ ಬಣ್ಣ ಹೊಡೆದು 2 ಮಿ.ಮೀ. ಸ್ಕ್ರೂನಿಂದ ಮತ್ತೆ ಮುಚ್ಚುವುದು. ಒಳಗಿನ ಲೋಹ ಹೆಚ್ಚಾಗಿ ಸತು, ಅದಕ್ಕೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ. ಆ ಮಿಶ್ರಲೋಹದಲ್ಲಿ ಸ್ವಲ್ಪ ಸೀಸ ಬೆರೆತಿದ್ದರೂ ಕೆಲವು ದಶಕಗಳಲ್ಲಿ ಕಾರು ತಾನಾಗಿಯೇ ಬಿರುಕು ಬಿಟ್ಟು ಪುಡಿಯಾಗುತ್ತದೆ. ರಸಾಯನಶಾಸ್ತ್ರದ ಉಪನ್ಯಾಸಕರು ಈ ಒಂದು ವಿಷಯದಿಂದ ಒಂದು ಪೀರಿಯಡ್ ನಡೆಸಬಹುದು.

ಕೊಂಡು ಪೊಟ್ಟಣ ಒಡೆಯದೆ ಗೋಡೆಗೆ ನೇತುಹಾಕುವವರ ಪರ ನಾನು ವಾದಿಸುವುದಿಲ್ಲ. ಅಪರೂಪದ ಕಾರೆಂದು ಅಂಗಡಿಯ ಪೂರ್ತಿ ಪೆಟ್ಟಿಗೆ ಎತ್ತಿಕೊಂಡು ಎರಡು ಪಟ್ಟು ಬೆಲೆಗೆ ಜೂನಿಯರ್‌ಗಳಿಗೆ ಮಾರುವವರ ಪರವಂತೂ ಅಲ್ಲವೇ ಅಲ್ಲ. ಅದು ವ್ಯಾಪಾರ, ಕೆಲವೊಮ್ಮೆ ಬರೀ ದುಂದು.

ಸಮಯದ ಪ್ರಶ್ನೆ ಉಳಿಯಿತು. ಸಿಇಟಿ, ನೀಟ್ ಇರುವಾಗ ಇದೆಲ್ಲ ಬೇಕೇ? ಫೆಬ್ರವರಿ, ಮಾರ್ಚ್‌ನಲ್ಲಿ ಬೇಡ, ಒಪ್ಪುತ್ತೇನೆ. ಆದರೆ ಈ ಕೆಲಸದ ಸ್ವಭಾವ ನೋಡಿ. ಪ್ರೈಮರ್ ಹೊಡೆದರೆ ಆ ದಿನ ಮತ್ತೆ ಮುಟ್ಟುವ ಹಾಗಿಲ್ಲ, ಪುಟ್ಟಿ ಹಾಕಿದರೆ ಗಟ್ಟಿಯಾಗುವವರೆಗೆ ಕಾಯಬೇಕು. ಹದಿನೈದು ನಿಮಿಷ ಕೆಲಸ, ಒಂದು ಇಡೀ ದಿನ ಕಾಯುವಿಕೆ. ಕಾಯುವ ಹೊತ್ತಿಗೆ ಓದಲೇಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಫೋನಿನ ರೀಲ್ಸ್ ಹಾಗಲ್ಲ, ಅದು ಒಂದಾದ ಮೇಲೊಂದು ತಾನಾಗಿಯೇ ಬರುತ್ತದೆ. ನನ್ನ ಉಮ್ಮ ಮೊದಲು ಬೈಯುತ್ತಿದ್ದರು. ಈಗ "ಬಣ್ಣ ಒಣಗುವ ತನಕ ಬಯಾಲಜಿ ಓದು" ಎನ್ನುತ್ತಾರೆ.

ಹಾಗಾದರೆ ಮನೆಯಲ್ಲೇ ಮಾಡಬಾರದೇ, ಕಾಲೇಜಿನ ಮೇಜು ಯಾಕೆ? ಥಿನ್ನರ್ ಮತ್ತು ಸ್ಪ್ರೇ ಬಣ್ಣದ ಹೊಗೆ ಒಳ್ಳೆಯದಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಅದರಲ್ಲೂ ತಂಗಿ ತಮ್ಮಂದಿರು ಮಲಗುವ ಕೋಣೆಯಲ್ಲಿ, ಹೊಡೆಯಲೇಬಾರದು. ಹಾಸ್ಟೆಲ್‌ನಲ್ಲಿ ಕಟರ್, ಥಿನ್ನರ್ ಇಟ್ಟುಕೊಳ್ಳುವ ಹಾಗಿಲ್ಲ, ಆ ನಿಯಮ ಸರಿಯಾಗಿಯೇ ಇದೆ. ಪ್ರಯೋಗಾಲಯದಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆ, ನೋಡಿಕೊಳ್ಳಲು ಒಬ್ಬರಾದರೂ ಇರುತ್ತಾರೆ. ಶನಿವಾರ ಮಧ್ಯಾಹ್ನ ಆ ಕೋಣೆ ಖಾಲಿ. ಶುಕ್ರವಾರ ಹುಡುಗರು ಜುಮಾಕ್ಕೆ ಹೋದಾಗ ನಮಗೆ ಸಿಗುವ ಆ ಉದ್ದನೆಯ ವಿರಾಮದಲ್ಲೂ ಖಾಲಿ. ನಾವು ಹುಡುಗಿಯರು ಅಷ್ಟು ಹೊತ್ತು ಕಾರಿಡಾರಿನಲ್ಲಿ ಕೂತು ಮಾತಾಡುತ್ತೇವೆ. ಮಾತು ಬೇಡವೆಂದಲ್ಲ, ಉಜ್ಜುತ್ತಾ ಮಾತಾಡಬಹುದು.

ಪ್ರದರ್ಶನದ ತೀರ್ಪುಗಾರರಲ್ಲೂ ಒಂದು ವಿನಂತಿ. ಮುಂದಿನ ವರ್ಷ ಪ್ರತಿ ಮಾಡೆಲ್‌ನ ಎದುರು ನಿಂತು ಒಂದೇ ಪ್ರಶ್ನೆ ಕೇಳಿ: "ಈ ಅಳತೆ ಎಲ್ಲಿಂದ ಬಂತು?"

ಮೊದಲ ಕೆಲಸವನ್ನು ನಾವು ಆರಿಸಿಯಾಗಿದೆ. ಕ್ಯಾಂಟೀನಿನ ಹಿಂದೆ ನಿಂತಿರುವ ಕಾಲೇಜಿನ ಹಳೆಯ ಬಸ್ಸು ಈ ವರ್ಷ ಗುಜರಿಗೆ ಹೋಗುತ್ತದಂತೆ. ನಮ್ಮ ಅಕ್ಕಂದಿರು, ಅಣ್ಣಂದಿರು ಓಡಾಡಿದ ಬಸ್ಸು ಅದು. ಬಾಗಿಲ ಬಳಿಯ ಕಂಬಿಯಲ್ಲಿ ಕೈ ಹಿಡಿದು ಹಿಡಿದು ಬಣ್ಣ ಹೋಗಿ ಉಕ್ಕು ಹೊಳೆಯುತ್ತದೆ. ಅದು ಹೋಗುವ ಮೊದಲು 1:24ರಲ್ಲಿ ಕಟ್ಟಿ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿಡಬೇಕು, ಕಂಬಿಯ ಆ ಹೊಳಪು ಸಹಿತ. ಎಡಬದಿಯ ಮತ್ತು ಮುಂಭಾಗದ ಅಳತೆ ತೆಗೆದಾಗಿದೆ. ಬಲಬದಿ ಕಾಂಪೌಂಡ್ ಗೋಡೆಗೆ ತಾಗಿ ನಿಂತಿರುವುದರಿಂದ ಟೇಪ್ ಹಿಡಿಯಲು ಜಾಗವಿಲ್ಲ. ಬಸ್ಸನ್ನು ಸ್ವಲ್ಪ ಈಚೆಗೆ ತಳ್ಳಬೇಕು, ಟೈರುಗಳಲ್ಲಿ ಗಾಳಿಯಿಲ್ಲ, ಹತ್ತು ಹನ್ನೆರಡು ಮಂದಿ ಬೇಕಾಗಬಹುದು. ಶನಿವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಬನ್ನಿ.

— ದ್ವಿತೀಯ ಪಿಯು ವಿಜ್ಞಾನ ವಿಭಾಗದ ವಿದ್ಯಾರ್ಥಿನಿ