ಗೋಬಿ ಗಾಡಿ ಇರಲಿ, ಪಕ್ಕದಾಗ ರೊಟ್ಟಿನೂ ಇರಲಿ

ಸಂಜೆ ಆರು ಗಂಟೆಗೆ ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾವ ಊರಿನ ಬಸ್ ನಿಲ್ದಾಣದ ಹೊರಗೆ ನಿಂತರೂ ಕಾಣುವುದು ಒಂದೇ ನೋಟ. ತಳ್ಳುಗಾಡಿ, ಭರ್ರನೆ ಉರಿಯುವ ಗ್ಯಾಸ್ ಒಲೆ, ಕಬ್ಬಿಣದ ಕಡಾಯಿ, ಕೆಂಪಗೆ ಹೊಳೆಯುವ ಗೋಬಿ. ಗಾಡಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಚೈನೀಸ್ ಫಾಸ್ಟ್‌ಫುಡ್'.

ಈಚೆಗೆ ಬುದ್ಧ ಮಲಗಿದ ಬೆಟ್ಟ ನೋಡಲು ಮೈಸೂರು ಕಡೆಯಿಂದ ಬಂದಿದ್ದ ದಂಪತಿ ಶಹಾಪುರದಲ್ಲಿ ನಮ್ಮನ್ನು ಕೇಳಿದರು: "ಇಲ್ಲಿ ಜೋಳದ ರೊಟ್ಟಿ ಊಟ ಎಲ್ಲಿ ಸಿಗುತ್ತೆ?" ರಾತ್ರಿ ಒಂಬತ್ತಾಗಿತ್ತು. ಹತ್ತಿರದ ಖಾನಾವಳಿ ಆಗಲೇ ಬಾಗಿಲು ಹಾಕಿತ್ತು. ನಾವು ಬಾಯಿ ತೆರೆಯುವ ಮೊದಲೇ ಗಾಡಿಯ ಹುಡುಗ ಹೇಳಿದ: "ರೊಟ್ಟಿ ಈಗ ಸಿಗಂಗಿಲ್ರಿ ಸರ್. ಗೋಬಿ, ನೂಡಲ್ಸ್, ಎಗ್ ರೈಸ್ ಅದಾವ. ಯಾವುದ್ ಹಾಕ್ಲಿ?" ಅವರು ನೂಡಲ್ಸ್ ತಿಂದು ಹೋದರು. ರೊಟ್ಟಿಯ ನಾಡಿಗೆ ಬಂದು ರೊಟ್ಟಿ ಸಿಗದೆ ಹೋದರಲ್ಲ ಎಂದು ನಮಗೆ ನಾಚಿಕೆಯಾಯಿತು.

ಹಾಗಂತ ಗೋಬಿ ಗಾಡಿಯನ್ನು ಬೈಯಲು ನಾವು ಕುಳಿತಿಲ್ಲ. ಸಾಲಮೂಲ ಮಾಡಿ ಒಂದು ಗಾಡಿ ಇಟ್ಟುಕೊಂಡರೆ ಒಂದು ಮನೆ ನಡೆಯುತ್ತದೆ. ದುಡಿಯಲು ಬೆಂಗಳೂರು, ಪುಣೆಗೆ ಗುಳೆ ಹೋಗುವುದಕ್ಕಿಂತ ಊರಲ್ಲೇ ಕಡಾಯಿ ಹಿಡಿಯುವುದು ಒಳ್ಳೆಯದು.

ಇನ್ನು 'ಅದು ಚೀನಾದ್ದು, ನಮ್ಮದಲ್ಲ' ಎನ್ನುವವರಿಗೆ ಒಂದು ಮಾತು. ಮಂಚೂರಿ ಚೀನಾದಿಂದ ಬಂದದ್ದಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಅಡುಗೆಯವರು ನೆಲ್ಸನ್ ವಾಂಗ್. ಅವರು 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್‌ನಲ್ಲಿ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಸೇರಿಸಿ ಮೊದಲು ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ ಕಥೆ. ಮಾಂಸ ತಿನ್ನದವರಿಗಾಗಿ ಮುಂದೆ ಅದೇ ಗೋಬಿ ಮಂಚೂರಿ ಆಯಿತು. ಅಂದರೆ ಇದು ನಮ್ಮ ದೇಶದ ತಿಂಡಿಯೇ.

ನಿಜವಾದ ಮಂಚೂರಿಯಾ ಎಂಬ ಸೀಮೆ ಚೀನಾದ ಈಶಾನ್ಯ ಭಾಗದಲ್ಲಿದೆ. ಅಲ್ಲಿನ ರೈತರು ಹಿಂದೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದುದು ಯಾವುದರಿಂದ ಗೊತ್ತೇ? ಜೋಳ ಮತ್ತು ನವಣೆಯಿಂದ. ಅವರು 'ಗಾವೊಲ್ಯಾಂಗ್' ಎನ್ನುವ ಬೆಳೆ ನಮ್ಮ ಜೋಳದ ಬಳಗದ್ದೇ. ಈಗ ಅಲ್ಲಿಯೂ ಭತ್ತ, ಮೆಕ್ಕೆಜೋಳ ಹೊಲ ತುಂಬಿವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಹೊಲಗಳಲ್ಲಿ ಜೋಳದ ಜಾಗಕ್ಕೆ ಭತ್ತ ಬಂದಂತೆಯೇ. ಜೋಳ ಉಂಡವರ ಸೀಮೆಯ ಹೆಸರಿಟ್ಟುಕೊಂಡ ತಿಂಡಿಯನ್ನು ಜೋಳದ ನಾಡಿನ ನಾವು ಮೈದಾ ಹಿಟ್ಟಲ್ಲಿ ಅದ್ದಿ ಕರಿದು ತಿನ್ನುತ್ತಿದ್ದೇವೆ.

ನಮ್ಮ ತಕರಾರು ತಿಂಡಿಯ ಮೇಲಲ್ಲ, ಬಣ್ಣದ ಮೇಲೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ತಪ್ಪಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದು ಎಚ್ಚರಿಸಲಾಯಿತು. ಗಮನಿಸಿ: ನಿಷೇಧ ಆಗಿದ್ದು ಬಣ್ಣ, ಗೋಬಿ ಅಲ್ಲ.

ಗಾಡಿಯವರನ್ನು ಕೇಳಿದರೆ, "ಕೆಂಪು ಇಲ್ಲಂದ್ರ ಹುಡುಗ್ರು ಮುಟ್ಟಂಗಿಲ್ರಿ ಅಣ್ಣಾ" ಎನ್ನುತ್ತಾರೆ. ತಪ್ಪಿನ ಅರ್ಧ ಪಾಲು ನಮ್ಮ ಕಣ್ಣಿನದು. ಕೆಂಪೇ ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ಇದೆ, ಖಾರ ಕಡಿಮೆ, ಬಣ್ಣ ಹೆಚ್ಚು. ತುಸು ಮಂಕಾಗಿ ಕಂಡರೂ ಅದನ್ನೇ ಕೇಳಿ ತಿನ್ನಬೇಕಾದವರು ನಾವು. ಕೈಗೆ ಅಂಟಿದ ಬಣ್ಣ ತೊಳೆದರೂ ಹೋಗದಿದ್ದರೆ ಆ ತಟ್ಟೆಯನ್ನು ಮಗುವಿನ ಮುಂದಿಂದ ಎತ್ತಿಬಿಡಿ.

ಇನ್ನು ರೊಟ್ಟಿಯ ಮಾತು. ಮನೆಯಲ್ಲಿ ದಿನಾ ಅದೇ, ಪೇಟೆಗೆ ಬಂದಾಗಲೂ ಅದೇ ಯಾಕೆ ಎಂದು ನೀವು ಕೇಳಬಹುದು. ಕೇಳುವುದು ಸರಿ. ಆದರೆ ಪ್ರಯಾಣಿಕರು ಎಂದರೆ ಸುರಪುರದ ಟೇಲರ್ ಮಂಜಿಲ್ ಮುಂದೆ ಸೆಲ್ಫಿ ತೆಗೆಯುವವರು ಮಾತ್ರ ಅಲ್ಲ. ತಿಂಥಣಿ ಮೌನೇಶ್ವರ ಜಾತ್ರೆಗೆ ಹೊರಟ ಮುದುಕರು, ಜಿಲ್ಲಾಸ್ಪತ್ರೆಯಲ್ಲಿ ರೋಗಿಯ ಜೊತೆ ಇರುವವರು, ಕೋರ್ಟಿಗೆ ಬಂದು ಕೊನೆಯ ಬಸ್ ಕಾಯುವವರು, ಪರೀಕ್ಷೆ ಬರೆಯಲು ಬಂದ ಹುಡುಗಿಯರು, ಇವರೆಲ್ಲ ಪ್ರಯಾಣಿಕರೇ. ಸಕ್ಕರೆ ಕಾಯಿಲೆ ಇದ್ದ ಅಜ್ಜನಿಗೆ ರಾತ್ರಿ ಎಂಟಕ್ಕೆ ಮೈದಾ ಬಿಟ್ಟು ಬೇರೇನಾದರೂ ಸಿಗಬೇಕಲ್ಲವೇ?

ರೊಟ್ಟಿ ಗಾಡಿ ನಡೆಸುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ. ಬಿಸಿ ರೊಟ್ಟಿಗೆ ಒಲೆ ಮುಂದೆ ಆಳು ಬೇಕು, ನಿಜ. ಕಡಕ್ ರೊಟ್ಟಿಗೆ ಬೇಡ. ಮನೆಯಲ್ಲಿ ತಟ್ಟಿ ಒಣಗಿಸಿದ್ದು ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯೂ ಹಾಗೆಯೇ. ಮೊಸರು, ಹಸಿ ಉಳ್ಳಾಗಡ್ಡಿ, ಒಂದು ಪಾತ್ರೆ ಪುಂಡಿ ಪಲ್ಯ ಅಥವಾ ಎಣ್ಣೆಗಾಯಿ ಇದ್ದರೆ ಊಟ ಮುಗಿಯಿತು. ಗ್ಯಾಸ್ ಖರ್ಚು ಗೋಬಿ ಗಾಡಿಗಿಂತ ಕಡಿಮೆ. ನೆರೆಯ ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು, ಮಹಿಳಾ ಸಂಘಗಳು ತಟ್ಟಿದ ರೊಟ್ಟಿಯನ್ನು 'ಕಲಬುರಗಿ ರೊಟ್ಟಿ' ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದಿದೆ. ಅದೇ ಜಿಲ್ಲೆಯಿಂದ ಬೇರೆಯಾಗಿ ಬಂದ ನಾವು ಅದನ್ನು ಮಾಡಲಾರೆವೇ?

ನಮ್ಮ ಬೇಡಿಕೆ ದೊಡ್ಡದಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಬಸ್ ನಿಲ್ದಾಣಗಳ ಹತ್ತಿರ ಸ್ತ್ರೀಶಕ್ತಿ ಸಂಘಗಳಿಗೆ ಒಂದೊಂದು ಗಾಡಿಯ ಜಾಗ, ಬೆಳಕು, ಕುಡಿಯುವ ನೀರು ಕೊಡಲಿ. ಕೊನೆಯ ಬಸ್ ಹೋಗುವವರೆಗೆ ಅದು ತೆರೆದಿರಲಿ. ಗೋಬಿ ಹುಡುಗರನ್ನು ಎಬ್ಬಿಸಿ ಆ ಜಾಗ ಕೊಡುವುದು ಬೇಡ, ಪಕ್ಕದಲ್ಲೇ ಕೊಡಲಿ.

ಚೀನಾದ ಹಳ್ಳಿಗಳಲ್ಲಿ ಹಳಬರು ಎದುರಾದರೆ ಕೇಳುವ ಮೊದಲ ಮಾತು 'ಊಟ ಆಯಿತೇ?' ಎಂದಂತೆ. ಅಲ್ಲಿಯೂ ಹಿರಿಯರು ಕೈ ಹಾಕಿದ ಮೇಲೆಯೇ ಉಳಿದವರು ಉಣ್ಣುವ ಪದ್ಧತಿ. ನಾವೂ ಬಾಗಿಲಿಗೆ ಬಂದವರಿಗೆ ತಂಬಿಗೆ ನೀರು ಕೊಟ್ಟು, "ಊಟ ಆತೇನ್ರಿ?" ಎಂದು ಕೇಳುವವರೇ. ಮನೆಯಲ್ಲಿ ಕೇಳುವ ಈ ಮಾತನ್ನು ಬಸ್ ನಿಲ್ದಾಣದಲ್ಲಿಯೂ ಕೇಳೋಣ. 'ಇಲ್ಲ' ಎಂದವರ ಮುಂದೆ ಇಡಲು ಎರಡು ರೊಟ್ಟಿಯಾದರೂ ಇರಲಿ.