ಒಂದು ಮುಖ, ಹದಿನೈದು ಕ್ಯಾಮೆರಾ

ಮೇಲುಕೋಟೆಯ ಕಲ್ಯಾಣಿ ಮೆಟ್ಟಿಲ ಮೇಲೆ ಇಳಕಲ್ ಸೀರೆ ಉಟ್ಟ ರೂಪದರ್ಶಿ ಕೂತಿದ್ದಳು. ಎದುರಿಗೆ ಕ್ಯಾಮೆರಾ ಹಿಡಿದು ನಾವು ಹದಿನೈದು ಮಂದಿ. ‘ಮೇಡಂ, ಈ ಕಡೆ’, ‘ಗದ್ದ ಸ್ವಲ್ಪ ಕೆಳಗೆ’, ‘ಇನ್ನೊಂದು ಸಲ ನಗಿ.’ ಅವಳ ಕಣ್ಣು ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಓಡುತ್ತಲೇ ಇತ್ತು. ಹತ್ತು ಗಂಟೆಯ ಬಿಸಿಲಿಗೆ ಕಲ್ಲು ಕಾದಿತ್ತು. ಎರಡು ಕ್ಲಿಕ್ಕುಗಳ ನಡುವೆ ಅವಳು ಸುಡುತ್ತಿದ್ದ ಅಂಗಾಲನ್ನು ಮೆಲ್ಲಗೆ ಸೀರೆಯ ಅಂಚಿನ ಮೇಲೆ ಎಳೆದುಕೊಂಡಳು. ಆಗ ಮುಖ ಸಡಿಲವಾಗಿ ಅವಳು ಅವಳಂತೆ ಕಂಡಳು. ಸಂಜೆ ಎಲ್ಲರ ಚಿತ್ರಗಳನ್ನೂ ಪರದೆಯ ಮೇಲೆ ಹಾಕಿದಾಗ ಆ ಮುಖ ಒಂದರಲ್ಲೂ ಇರಲಿಲ್ಲ. ನನ್ನದರಲ್ಲೂ ಇರಲಿಲ್ಲ.

ಹೀಗೆ ಗುಂಪಾಗಿ ನಿಂತು ಭಾವಚಿತ್ರ ತೆಗೆಯುವುದನ್ನು ಕಲಿಯಲು ಸಾಧ್ಯವೇ? ಬೆಳಕನ್ನು ಖಂಡಿತ ಕಲಿಯಬಹುದು. ರಿಫ್ಲೆಕ್ಟರ್ ಒಂದು ಗೇಣು ವಾಲಿದರೆ ಕಣ್ಣಿನ ಕೆಳಗಿನ ನೆರಳು ಹೇಗೆ ತಿಳಿಯಾಗುತ್ತದೆ, ತೀರಾ ಹತ್ತಿರ ಹೋದರೆ ಮೂಗು ಏಕೆ ದಪ್ಪ ಕಾಣುತ್ತದೆ ಎಂಬುದೆಲ್ಲ ಪುಸ್ತಕಕ್ಕಿಂತ ಅಲ್ಲಿಯೇ ಬೇಗ ತಿಳಿಯುತ್ತದೆ. ಒಬ್ಬನೇ ರೂಪದರ್ಶಿಯನ್ನೂ ದೀಪಗಳನ್ನೂ ಗೊತ್ತುಮಾಡಲು ಆಗದವನಿಗೆ ಖರ್ಚು ಹಂಚಿಕೊಳ್ಳುವುದು ದೊಡ್ಡ ಅನುಕೂಲ. ಆದರೆ ಭಾವಚಿತ್ರ ಮೂಡುವುದು ಇಬ್ಬರ ನಡುವೆ. ಕೂತವಳಿಗೆ ತನ್ನನ್ನು ಯಾರು ನೋಡುತ್ತಿದ್ದಾರೆಂದು ತಿಳಿದಿರಬೇಕು. ಹದಿನೈದು ಮಂದಿ ಒಟ್ಟಿಗೆ ನೋಡಿದರೆ ಆಕೆ ಯಾರಿಗೂ ಮುಖ ಕೊಡಲಾರಳು.

ಸಂಭಾವನೆ ಕೊಟ್ಟಿದ್ದೇವಲ್ಲ, ಇನ್ನೇನು ಎನ್ನುವವರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯೂ ಚಿತ್ರದ ಕರ್ತೃ ಎಂದು ಗುರುತಿಸುವುದು ತೆಗೆದವರನ್ನೇ. ಬರೀ ಕ್ಯಾಮೆರಾ ಮುಂದೆ ಕೂತದ್ದಕ್ಕೆ ಅದರಲ್ಲಿ ಪಾಲಿಲ್ಲ. ಕಾನೂನು ಅಷ್ಟಕ್ಕೆ ನಿಲ್ಲುತ್ತದೆ, ನಾವು ನಿಲ್ಲಬಾರದು. ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಿಡಾರವೊಂದರಲ್ಲಿ ಹಸಿದ ತಾಯಿಯೊಬ್ಬಳ ಚಿತ್ರ ತೆಗೆದಳು. ಹೆಸರು ಕೇಳಲಿಲ್ಲವೆಂದು 1960ರಲ್ಲಿ ತಾನೇ ಬರೆದಳು. ಆ ತಾಯಿ ಫ್ಲಾರೆನ್ಸ್ ಓವನ್ಸ್ ಥಾಮ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. ನಲವತ್ತೆರಡು ವರ್ಷ ಆ ಮುಖವನ್ನು ಎಲ್ಲರೂ ಬಲ್ಲವರು, ಆಕೆ ಮಾತ್ರ ಯಾರಿಗೂ ಗೊತ್ತಿಲ್ಲ! ಅದು ಮಹತ್ತಾದ ಚಿತ್ರವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಹೆಸರಿಲ್ಲದೆ ಉಳಿದ ಆಕೆಯ ನೋವು ನನಗೆ ಚಿತ್ರದಷ್ಟೇ ದೊಡ್ಡದು.

ನಾನು ಕೇಳುವುದು ಇಷ್ಟೇ. ಮೊದಲು ಎಲ್ಲರೂ ಕೂಡಿ ಬೆಳಕನ್ನು ಕಲಿಯಲಿ. ಆಮೇಲೆ ಒಬ್ಬೊಬ್ಬರಿಗೂ ಐದು ನಿಮಿಷ. ಉಳಿದವರು ಕ್ಯಾಮೆರಾ ಚೀಲಕ್ಕಿಟ್ಟು ಮಂಟಪದ ನೆರಳಿಗೆ ಸರಿಯಲಿ. ಹದಿನೈದು ಮಂದಿಗೆ ಒಂದೂಕಾಲು ಗಂಟೆ ಸಾಕು. ನಡುನಡುವೆ ಆಕೆಗೂ ನೆರಳು, ನೀರು ಸಿಗಲಿ. ಮೊದಲ ಎರಡು ನಿಮಿಷ ಕ್ಯಾಮೆರಾ ಎತ್ತದೆ ಮಾತಾಡಿ: ಹೆಸರು, ಊರು, ಚಿತ್ರ ಎಲ್ಲಿಗೆ ಹೋಗುತ್ತದೆ, ಸ್ಪರ್ಧೆಗೆ ಕಳಿಸಿದರೆ ಒಪ್ಪಿಗೆಯೇ ಎಂದು ಕೇಳಿ. ಕಾಲು ಸುಡುತ್ತಿದೆಯಾ ಎಂದೂ ಕೇಳಿ.